ಮೋಟಾರು ಗಾಡಿಯ ಸಂದೇಶಜಾಲವೂ ಅದರ ದೋಷಪರೀಕ್ಷೆಯೂ

೧. ಪೀಠಿಕೆ

ಕೊಡಗಿನ ದಕ್ಷಿಣದ ಕೊನೆಯಲ್ಲಿ, ಬ್ರಹ್ಮಗಿರಿಯ ಬೆಟ್ಟಸಾಲಿಗೂ ನಾಗರಹೊಳೆಯ ಅರಣ್ಯಕ್ಕೂ ನಡುವೆ, ಕುಟ್ಟವೆಂಬ ಗಡಿಯೂರು ಇದೆ. ಇಲ್ಲಿಂದ ತೆಂಕಣಕ್ಕೆ ಹೊರಟ ದಾರಿಯು ತೋಲ್ಪೆಟ್ಟಿ, ಕಾಟಿಕುಳಂಗಳ ಮೂಲಕ ವಯನಾಡಿನ ಮಾನಂದವಾಡಿಯನ್ನು ಸೇರುತ್ತದೆ. ಬಡಗಣ ದಾರಿಯು ಶ್ರೀಮಂಗಲ, ಪೊನ್ನಂಪೇಟೆ, ಗೋಣಿಕೊಪ್ಪಲುಗಳನ್ನು ಹಾದು ಹುಣಸೂರು, ಮೈಸೂರುಗಳ ಕಡೆಗೆ ಹೋಗುತ್ತದೆ. ೨೦೦೯ರಲ್ಲಿ ಬಂಡೀಪುರದ ಕಾಡಿನೊಳಗಣ ಹೆದ್ದಾರಿಗಳಲ್ಲಿ ರಾತ್ರಿಯ ವಾಹನಸಂಚಾರವು ನಿಷಿದ್ಧವಾದ ತರುವಾಯ, ಮೈಸೂರಿಗೂ ವಯನಾಡಿಗೂ ನಡುವೆ ಇರುಳಿನಲ್ಲಿ ಸಂಚರಿಸತಕ್ಕವರಿಗೆ ಹುಣಸೂರು, ಗೋಣಿಕೊಪ್ಪಲು, ಕುಟ್ಟಗಳ ಈ ಬಳಸುದಾರಿಯೇ ಆಶ್ರಯವಾಯಿತು.

ಈ ದಾರಿಯ ಇಕ್ಕೆಲಗಳಲ್ಲಿಯೂ ಕಾಫಿಯ ತೋಟಗಳು. ಅವುಗಳ ಆಚೆಗೆ ಕಾಡು. ಜೂನ್ ತಿಂಗಳಿಂದ ಸೆಪ್ಟೆಂಬರಿನವರೆಗೆ ಮಳೆಯು ಎಡೆಬಿಡದೆ ಹೊಯ್ಯುವುದು. ಆನೆಗಳು ರಸ್ತೆಗೆ ಬರುವುದು ಅಪರೂಪವಲ್ಲ. ಇಂತಹ ಕಡೆಯಲ್ಲಿ ರಾತ್ರಿ ಗಾಡಿಯು ನಿಂತುಹೋದರೆ ಅದು ಕೇವಲ ಅನನುಕೂಲದ ಮಾತಲ್ಲ. ಒಳಗಿರುವವರ ಕ್ಷೇಮದ ಮಾತು.

ಹಿಂದೆ ಕೊಡಗಿನ ತೋಟಗಳಲ್ಲೆಲ್ಲ ಓಡಾಡುತ್ತಿದ್ದ ಜೀಪುಗಾಡಿಯು ನಿಂತರೆ ಅದರ ಕಾರಣವನ್ನು ಕಣ್ಣಿನಿಂದಲೂ ಕೈಯಿಂದಲೂ ಹುಡುಕಬಹುದಾಗಿತ್ತು. ಪೆಟ್ರೋಲು ಬರುತ್ತಿದೆಯೇ, ಪ್ಲಗ್ಗಿನಲ್ಲಿ ಕಿಡಿ ಹಾರುತ್ತಿದೆಯೇ, ಬ್ಯಾಟರಿಯಲ್ಲಿ ಕಸುವಿದೆಯೇ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ದೊರೆತರೆ ಮುಕ್ಕಾಲು ಪಾಲು ಕೆಲಸ ಮುಗಿದಂತೆ. ಈಗಿನ ಕಾರಿನ ಸ್ಥಿತಿಯು ಹಾಗಲ್ಲ. ಎಂಜಿನು ದೃಢವಾಗಿರುತ್ತದೆ, ಬ್ಯಾಟರಿಯು ಹೊಸದಾಗಿರುತ್ತದೆ, ಪೆಟ್ರೋಲು ತುಂಬಿರುತ್ತದೆ. ಆದರೂ ಗಾಡಿಯು ಹೊರಡದು. ಮುಂದಣ ಫಲಕದಲ್ಲಿ ಎಚ್ಚರಿಕೆಯ ದೀಪಗಳೆಲ್ಲ ಏಕಕಾಲಕ್ಕೆ ಬೆಳಗುತ್ತವೆ. ವೇಗದ ಮುಳ್ಳು ಸೊನ್ನೆಯಲ್ಲಿ ಬಿದ್ದಿರುತ್ತದೆ. ಕಾರಣವೇನೆಂದರೆ, ಗಾಡಿಯ ಅಂಗಗಳು ಕೆಟ್ಟಿಲ್ಲ. ಅವುಗಳ ನಡುವಣ ಮಾತುಕತೆಯು ಕೆಟ್ಟಿದೆ.

ಇಂತಹ ಸಂದರ್ಭದಲ್ಲಿ ಅನೇಕರು ಸ್ಕ್ಯಾನರ್ ಎಂಬ ಪರೀಕ್ಷಾಯಂತ್ರವನ್ನು ತಗುಲಿಸಿ, ಅದರಲ್ಲಿ ಯಾವ ಘಟಕದ ಹೆಸರು ಮೂಡಿತೋ ಆ ಘಟಕವನ್ನೇ ಬದಲಾಯಿಸಿಬಿಡುವರು. ಘಟಕವೊಂದರ ಬೆಲೆಯು ಸಾವಿರಗಟ್ಟಲೆ ರೂಪಾಯಿಗಳಾದುದರಿಂದ, ತಪ್ಪು ನಿರ್ಣಯದ ಭಾರವು ಗಾಡಿಯ ಒಡೆಯನ ಮೇಲೆ ಬೀಳುವುದು. ದೋಷವಾದರೋ ಇದ್ದಲ್ಲಿಯೇ ಇರುವುದು. ಯಂತ್ರವು ಹೇಳುವ ಹೆಸರಿಗೆ ಅರ್ಥವೇನು, ಅದನ್ನು ಎಷ್ಟರಮಟ್ಟಿಗೆ ನಂಬಬೇಕು, ನಂಬುವ ಮೊದಲು ಏನನ್ನು ಅಳೆದು ನೋಡಬೇಕು ಎಂಬ ವಿಷಯಗಳನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

೨. ಜಾಲವು ಹುಟ್ಟಿದ ಬಗೆ

ಮೊದಮೊದಲು ಕಾರಿನಲ್ಲಿ ಒಂದೊಂದು ಕೆಲಸಕ್ಕೂ ಒಂದೊಂದು ತಂತಿಯಿತ್ತು. ದೀಪಕ್ಕೆ ಬೇರೆ, ಹಾರನ್ನಿಗೆ ಬೇರೆ, ಒರೆಸುಕಡ್ಡಿಗೆ ಬೇರೆ. ಎಂಜಿನಿಗೆ ಇಂಧನವನ್ನು ಅಳೆದು ಕೊಡುವುದು, ಬ್ರೇಕು ಒತ್ತಿದಾಗ ಚಕ್ರಗಳು ಜಾರದಂತೆ ತಡೆಯುವುದು, ಗಿಯರುಗಳನ್ನು ತಾನಾಗಿ ಬದಲಾಯಿಸುವುದು ಮೊದಲಾದ ಕೆಲಸಗಳು ಸಣ್ಣ ಗಣಕಯಂತ್ರಗಳ ಪಾಲಿಗೆ ಬಂದಮೇಲೆ, ಒಂದು ಯಂತ್ರಕ್ಕೆ ತಿಳಿದುದು ಮತ್ತೊಂದಕ್ಕೂ ಬೇಕಾಯಿತು. ಚಕ್ರದ ವೇಗವು ಬ್ರೇಕಿನ ಘಟಕಕ್ಕೆ ಬೇಕು, ವೇಗವನ್ನು ತೋರಿಸುವ ಫಲಕಕ್ಕೆ ಬೇಕು, ಗಿಯರಿಗೂ ಬೇಕು. ಪ್ರತಿಯೊಂದಕ್ಕೂ ಪ್ರತ್ಯೇಕವಾಗಿ ತಂತಿಯನ್ನು ಎಳೆಯುತ್ತ ಹೋದರೆ ತಂತಿಯ ಕಟ್ಟು ತೋಳಿನಷ್ಟು ದಪ್ಪವಾಗುವುದು; ತೂಕವೂ ವೆಚ್ಚವೂ ಬೆಳೆಯುವುವು; ಸಂದುಗಳು ಹೆಚ್ಚಿದಷ್ಟೂ ದೋಷಗಳೂ ಹೆಚ್ಚುವುವು.

ಈ ತೊಡಕನ್ನು ಬಿಡಿಸುವುದಕ್ಕಾಗಿ ಜರ್ಮನಿಯ ರಾಬರ್ಟ್ ಬಾಷ್ ಕಂಪೆನಿಯವರು ೧೯೮೩ರಲ್ಲಿ ಒಂದು ಹೊಸ ಏರ್ಪಾಡನ್ನು ಕಲ್ಪಿಸಲು ತೊಡಗಿದರು. ಎಲ್ಲ ಘಟಕಗಳನ್ನೂ ಒಂದೇ ಜೋಡಿತಂತಿಗೆ ಕಟ್ಟಿ, ಅದರ ಮೇಲೆ ಒಂದಾದಮೇಲೊಂದು ಮಾತನಾಡುವಂತೆ ಮಾಡುವುದೇ ಆ ಏರ್ಪಾಡು. ಉವೆ ಕೀನ್ಕೆ, ಸೀಗ್‌ಫ್ರೀಡ್ ಡೈಸ್, ಮಾರ್ಟಿನ್ ಲಿಚೆಲ್ ಎಂಬವರು ೧೯೮೬ರ ಫೆಬ್ರವರಿಯಲ್ಲಿ ಅಮೆರಿಕದ ಡೆಟ್ರಾಯಿಟ್ ನಗರದ ಎಂಜಿನಿಯರುಗಳ ಸಮ್ಮೇಳನದಲ್ಲಿ ಇದನ್ನು ಪ್ರಕಟಪಡಿಸಿದರು. ಇದಕ್ಕೆ ಕಂಟ್ರೋಲರ್ ಏರಿಯಾ ನೆಟ್‌ವರ್ಕ್, ಸಂಕ್ಷೇಪವಾಗಿ ಕ್ಯಾನ್ ಎಂದು ಹೆಸರು. ೧೯೮೭ರಲ್ಲಿ ಇಂಟೆಲ್ ಕಂಪೆನಿಯವರು ಇದಕ್ಕೆ ಬೇಕಾದ ಚಿಪ್ಪನ್ನು ಹೊರತಂದರು, ೧೯೯೧ರಲ್ಲಿ ಮರ್ಸಿಡಿಸ್-ಬೆನ್ಜ್ ಕಂಪೆನಿಯ ಎಸ್-ಕ್ಲಾಸ್ ಕಾರಿನಲ್ಲಿ ಇದು ನೆಲೆಗೊಂಡಿತು, ೧೯೯೩ರಲ್ಲಿ ಐ.ಎಸ್.ಒ. ೧೧೮೯೮ ಎಂಬ ಅಂತರರಾಷ್ಟ್ರೀಯ ನಿಯಮವಾಗಿ ಅಂಗೀಕೃತವಾಯಿತು. ಬಾಷ್ ಎಂಬ ಹೆಸರು ಕನ್ನಡ ನಾಡಿಗೆ ಹೊಸದಲ್ಲ. ಬೆಂಗಳೂರಿನ ಆಡುಗೋಡಿಯ ಮೈಕೋ ಕಾರ್ಖಾನೆಯು ಇದೇ ಮನೆತನಕ್ಕೆ ಸೇರಿದುದು. ೧೯೫೧ರಲ್ಲಿ ಸ್ಥಾಪಿತವಾದ ಆ ಕಂಪೆನಿಯು ೨೦೦೮ರಲ್ಲಿ ಬಾಷ್ ಎಂಬ ಹೆಸರನ್ನೇ ತಳೆಯಿತು. ಮೈಕೋ ಪ್ಲಗ್ಗನ್ನು ಬಿಚ್ಚಿ ಉಜ್ಜಿ ಹಾಕದಿದ್ದ ಮೆಕ್ಯಾನಿಕನು ಹಿಂದಿನ ತಲೆಮಾರಿನಲ್ಲಿ ವಿರಳ.

ಹೊರಗಿನಿಂದ ಈ ಜಾಲವನ್ನು ಪರೀಕ್ಷಿಸುವುದಕ್ಕೆ ಒಂದು ಬಾಗಿಲೂ ಉಂಟು. ಸ್ಟಿಯರಿಂಗಿನ ಕೆಳಗಡೆ, ಚಾಲಕನ ಮೊಳಕಾಲಿನ ಬಳಿ ಇರುವ ಹದಿನಾರು ಮನೆಗಳ ಕನೆಕ್ಟರೇ ಆ ಬಾಗಿಲು. ಮೆಕ್ಯಾನಿಕರು ಇದನ್ನು ಒ.ಬಿ.ಡಿ. ಪೋರ್ಟ್ ಎನ್ನುವರು. ಅಮೆರಿಕದಲ್ಲಿ ಇದು ೧೯೯೬ನೆಯ ಮಾದರಿಯ ಕಾರುಗಳಿಂದ ಕಡ್ಡಾಯವಾಯಿತು. ಭಾರತದಲ್ಲಿ ಹೊಗೆಯ ನಿಯಮಗಳ ಜೊತೆಯಲ್ಲಿಯೇ ಈ ಕಟ್ಟಳೆಯೂ ಬಂದಿತು. ಭಾರತ್ ಸ್ಟೇಜ್ ೪ರ ಅಡಿಯಲ್ಲಿ ೨೦೧೩ರ ಏಪ್ರಿಲಿನಿಂದ ಒ.ಬಿ.ಡಿ.ಯ ಎರಡನೆಯ ಹಂತವೂ, ೨೦೨೦ರ ಏಪ್ರಿಲ್ ೧ರಿಂದ ಭಾರತ್ ಸ್ಟೇಜ್ ೬ರ ಬಿಗಿಯಾದ ನಿಯಮಗಳೂ ಜಾರಿಗೆ ಬಂದುವು. ಆದಕಾರಣ ಈಚೆಗೆ ಕುಟ್ಟದ ದಾರಿಯಲ್ಲಿ ಓಡಾಡುವ ಸಣ್ಣ ಕಾರಿನಲ್ಲಿಯೂ ಈ ಜಾಲವು ಇರುವುದೆಂದು ತಿಳಿಯತಕ್ಕದ್ದು.

೩. ಜಾಲದ ರಚನೆಯೂ ನಡವಳಿಕೆಯೂ

ಜಾಲದ ಬೆನ್ನೆಲುಬು ಒಂದಕ್ಕೊಂದು ಹೊಸೆದ ಎರಡು ತಂತಿಗಳು. ಒಂದಕ್ಕೆ ಹೈ ಎಂದೂ ಮತ್ತೊಂದಕ್ಕೆ ಲೋ ಎಂದೂ ಹೆಸರು. ಯಾರೂ ಮಾತನಾಡದಿರುವಾಗ ಎರಡರಲ್ಲಿಯೂ ಸುಮಾರು ೨.೫ ವೋಲ್ಟ್ ಇರುತ್ತದೆ. ಘಟಕವೊಂದು ಮಾತನಾಡತೊಡಗಿದಾಗ ಹೈ ತಂತಿಯು ಸುಮಾರು ೩.೫ ವೋಲ್ಟಿಗೆ ಏರುವುದು, ಲೋ ತಂತಿಯು ಸುಮಾರು ೧.೫ ವೋಲ್ಟಿಗೆ ಇಳಿಯುವುದು. ಕೇಳುವ ಘಟಕವು ಗಮನಿಸುವುದು ಎರಡರ ನಡುವಣ ಅಂತರವನ್ನು ಮಾತ್ರ. ಹೊರಗಿನ ವಿದ್ಯುತ್ತಿನ ಗದ್ದಲವು ಹೊಸೆದ ಎರಡು ತಂತಿಗಳನ್ನೂ ಸಮನಾಗಿ ತಟ್ಟುವುದರಿಂದ ಆ ಅಂತರವು ಕೆಡುವುದಿಲ್ಲ. ತಂತಿಗಳನ್ನು ಹೊಸೆದಿರುವುದು ಅಂದಕ್ಕಲ್ಲ, ಇದಕ್ಕಾಗಿ.

ಬೆನ್ನೆಲುಬಿನ ಎರಡು ತುದಿಗಳಲ್ಲಿಯೂ ಹೈ ಮತ್ತು ಲೋ ತಂತಿಗಳ ನಡುವೆ ೧೨೦ ಓಮಿನ ಒಂದೊಂದು ಪ್ರತಿರೋಧವನ್ನು ಇಟ್ಟಿರುವರು. ಬೆಟ್ಟಕ್ಕೆ ತಾಗಿದ ಕೂಗು ಮರುದನಿಯಾಗಿ ಹಿಂದಿರುಗುವಂತೆ, ತಂತಿಯ ತುದಿಯನ್ನು ಮುಟ್ಟಿದ ಸಂಕೇತವೂ ಹಿಂದಿರುಗಿ ಹೊಸ ಸಂಕೇತದೊಡನೆ ಬೆರೆಯುವುದು. ಈ ಪ್ರತಿರೋಧಗಳು ಆ ಮರುದನಿಯನ್ನು ಹೀರಿಕೊಳ್ಳುತ್ತವೆ. ಅನೇಕ ಕಾರುಗಳಲ್ಲಿ ಇವು ಪ್ರತ್ಯೇಕವಾಗಿ ಕಾಣುವುದಿಲ್ಲ. ಎಂಜಿನಿನ ಘಟಕ, ಮೀಟರಿನ ಫಲಕ ಮೊದಲಾದ ಎರಡು ಘಟಕಗಳ ಒಳಗೆ ಅಡಗಿರುತ್ತವೆ. ಪರೀಕ್ಷೆಯ ವೇಳೆ ಇದನ್ನು ಮರೆಯಕೂಡದು.

ಒಂದೇ ತಂತಿಯ ಮೇಲೆ ಹಲವರು ಮಾತನಾಡಬೇಕಾದರೆ ಸರದಿಯನ್ನು ಗೊತ್ತುಮಾಡುವುದು ಹೇಗೆ? ಕೊಡಗಿನ ಊರುಮಂದಿನ ಕೂಟವನ್ನು ನೆನೆದರೆ ಇದು ಸುಲಭವಾಗಿ ತಿಳಿಯುವುದು. ಅಲ್ಲಿ ಹಿರಿಯನೂ ಕಿರಿಯನೂ ಒಂದೇ ಕ್ಷಣದಲ್ಲಿ ಬಾಯಿ ತೆರೆದರೆ ಕಿರಿಯನು ಸುಮ್ಮನಾಗುವನು. ಹಿರಿಯನ ಮಾತು ತುಂಡಾಗದೆ ಮುಂದುವರಿಯುವುದು. ಅದು ಮುಗಿದಮೇಲೆ ಕಿರಿಯನು ತನ್ನ ಮಾತನ್ನು ಮೊದಲಿನಿಂದ ಹೇಳುವನು. ಕ್ಯಾನ್ ಜಾಲದಲ್ಲಿ ಪ್ರತಿಯೊಂದು ಸಂದೇಶದ ತಲೆಯಲ್ಲಿಯೂ ಒಂದು ಸಂಖ್ಯೆಯಿರುತ್ತದೆ. ಸಂಖ್ಯೆ ಸಣ್ಣದಾದಷ್ಟೂ ಹಿರಿತನವು ಹೆಚ್ಚು. ಇಬ್ಬರು ಒಟ್ಟಿಗೆ ತೊಡಗಿದರೆ ದೊಡ್ಡ ಸಂಖ್ಯೆಯ ಸಂದೇಶವು ತಾನಾಗಿ ಹಿಂದೆ ಸರಿಯುವುದು. ಮಾತು ಯಾರಿಗೆಂದು ಹೆಸರಿಸುವ ಪದ್ಧತಿಯೂ ಇಲ್ಲಿಲ್ಲ. ಎಲ್ಲರೂ ಎಲ್ಲವನ್ನೂ ಕೇಳುವರು, ಬೇಕಾದವರು ತೆಗೆದುಕೊಳ್ಳುವರು. ಸೆಕೆಂಡಿಗೆ ಐದು ಲಕ್ಷ ಸಂಕೇತಗಳು ಹರಿಯುವ ಜಾಲದಲ್ಲಿ ಒಂದೊಂದು ಸಂಕೇತದ ಆಯುಸ್ಸು ಸೆಕೆಂಡಿನ ಹತ್ತು ಲಕ್ಷದಲ್ಲಿ ಎರಡು ಭಾಗ ಮಾತ್ರ.

ಕಥೆ ಹೇಳುವವನಿಗೆ ಹೂಂಗುಟ್ಟುವವನು ಬೇಕೆಂಬ ಲೋಕರೂಢಿಯೂ ಈ ಜಾಲದಲ್ಲಿದೆ. ಸಂದೇಶದ ಕೊನೆಯಲ್ಲಿ ಒಂದು ಕ್ಷಣವನ್ನು ತೆರವಾಗಿ ಬಿಟ್ಟಿರುವರು. ಸರಿಯಾಗಿ ಕೇಳಿಸಿಕೊಂಡ ಯಾವುದಾದರೊಂದು ಘಟಕವು ಆ ಕ್ಷಣದಲ್ಲಿ ಹೂಂ ಎನ್ನಬೇಕು. ಯಾರೂ ಹೂಂಗುಟ್ಟದಿದ್ದರೆ ಹೇಳಿದವನು ಅದನ್ನು ತಪ್ಪೆಂದು ಎಣಿಸಿ ಮತ್ತೆ ಹೇಳುವನು. ಪ್ರತಿಯೊಂದು ಘಟಕವೂ ತನ್ನ ತಪ್ಪುಗಳ ಲೆಕ್ಕವನ್ನು ತಾನೇ ಇಡುವುದು. ಹೇಳುವಾಗ ತಪ್ಪಾದರೆ ಲೆಕ್ಕಕ್ಕೆ ಎಂಟು ಕೂಡುವುದು. ಸರಿಯಾಗಿ ಹೇಳಿದರೆ ಒಂದು ಕಳೆಯುವುದು. ಲೆಕ್ಕವು ೧೨೭ನ್ನು ಮೀರಿದರೆ ಘಟಕವು ಇತರರ ಮಾತಿಗೆ ಅಡ್ಡಿಮಾಡುವ ಹಕ್ಕನ್ನು ಕಳೆದುಕೊಳ್ಳುವುದು. ೨೫೫ನ್ನು ಮೀರಿದರೆ ತಾನೇ ಜಾಲದಿಂದ ಹೊರಗೆ ನಿಲ್ಲುವುದು. ಒಬ್ಬನ ಕೇಡು ಇಡೀ ಕೂಟವನ್ನು ಕೆಡಿಸಬಾರದೆಂಬುದೇ ಈ ಕಟ್ಟಳೆಯ ತಾತ್ಪರ್ಯ.

೪. ದೋಷಸಂಕೇತದ ಅರ್ಥ

ಸ್ಕ್ಯಾನರಿನಲ್ಲಿ ಮೂಡುವ ದೋಷಸಂಕೇತಗಳ ಪೈಕಿ ಯು ಎಂಬ ಅಕ್ಷರದಿಂದ ಮೊದಲಾಗುವುವು ಜಾಲಕ್ಕೆ ಸಂಬಂಧಪಟ್ಟುವು. ಯು ೦೧೦೦ ಎಂದರೆ ಎಂಜಿನಿನ ಘಟಕದ ಮಾತು ಕೇಳಿಸುತ್ತಿಲ್ಲ. ಯು ೦೧೦೧ ಎಂದರೆ ಗಿಯರಿನ ಘಟಕದ್ದು. ಯು ೦೧೨೧ ಎಂದರೆ ಎ.ಬಿ.ಎಸ್. ಎಂಬ ಬ್ರೇಕಿನ ಘಟಕದ್ದು. ಯು ೦೧೫೫ ಎಂದರೆ ಮೀಟರಿನ ಫಲಕದ್ದು. ಯು ೦೦೦೧, ಯು ೦೦೭೩ ಎಂಬುವು ಇಡೀ ಜಾಲವೇ ಸ್ವಸ್ಥವಾಗಿಲ್ಲವೆಂದು ಸೂಚಿಸುತ್ತವೆ.

ಇಲ್ಲಿ ಸೂಕ್ಷ್ಮವಾಗಿ ಗಮನಿಸತಕ್ಕ ವಿಷಯವೊಂದಿದೆ. ಈ ಸಂಕೇತವನ್ನು ಬರೆದಿಡುವುದು ಮಾತನಾಡದ ಘಟಕವಲ್ಲ, ಕಾದು ಕುಳಿತ ಘಟಕ. ಅದು ಸಾಕ್ಷಿಯ ಹೇಳಿಕೆಯೇ ಹೊರತು ತೀರ್ಪಲ್ಲ. ಕೂಟಕ್ಕೆ ಒಬ್ಬನು ಬರಲಿಲ್ಲವೆಂದು ಉಳಿದವರು ಹೇಳಬಲ್ಲರು. ಅವನು ಕಾಯಿಲೆ ಬಿದ್ದನೋ, ದಾರಿಯ ಸೇತುವೆ ಕೊಚ್ಚಿಹೋಯಿತೋ, ಮನೆಯಲ್ಲಿ ಊಟವಿಲ್ಲದೆ ನಿತ್ರಾಣನಾಗಿರುವನೋ ಎಂಬುದನ್ನು ಹೇಳಲಾರರು. ಅದರಂತೆಯೇ ಘಟಕದ ಮೌನಕ್ಕೆ ಮೂರು ಕಾರಣಗಳು ಸಾಧ್ಯ: ಘಟಕವೇ ಕೆಟ್ಟಿರುವುದು, ಅದಕ್ಕೆ ಬರುವ ವಿದ್ಯುತ್ತು ಅಥವಾ ಅದರ ಅರ್ತ್ ತಪ್ಪಿರುವುದು, ಅದರ ಸಂದೇಶದ ತಂತಿಯು ಕೆಟ್ಟಿರುವುದು. ಈ ಮೂರರಲ್ಲಿ ಮೊದಲನೆಯದಕ್ಕೆ ಔಷಧವು ಅತ್ಯಂತ ದುಬಾರಿಯಾದುದು; ಆದಕಾರಣ ಅದನ್ನು ಕೊನೆಯಲ್ಲಿ ಮಾತ್ರ ನಂಬಬೇಕು.

ಇನ್ನೊಂದು ಎಚ್ಚರವೂ ಅವಶ್ಯಕ. ಬ್ಯಾಟರಿಯು ದುರ್ಬಲವಾಗಿದ್ದಾಗ ಸ್ಟಾರ್ಟರನ್ನು ತಿರುಗಿಸಿದರೆ ವೋಲ್ಟೇಜು ಕುಸಿದು ಕೆಲವು ಘಟಕಗಳು ಕ್ಷಣಕಾಲ ಮೂರ್ಛೆ ಹೋಗುವುವು. ಉಳಿದುವು ಒಡನೆಯೇ ದೂರನ್ನು ಬರೆದಿಡುವುವು. ಗಾಡಿಯನ್ನು ತಳ್ಳಿ ಅಥವಾ ಬೇರೆ ಬ್ಯಾಟರಿಯಿಂದ ಹೊರಡಿಸಿದಮೇಲೂ ಆ ದೂರುಗಳು ಅಳಿಯದೆ ಉಳಿದಿರುತ್ತವೆ. ಆದುದರಿಂದ ಸಂಕೇತಗಳನ್ನೆಲ್ಲ ಮೊದಲು ಬರೆದಿಟ್ಟುಕೊಂಡು, ಬ್ಯಾಟರಿಯನ್ನು ಸರಿಪಡಿಸಿ, ಬಳಿಕ ಅಳಿಸಿ, ಗಾಡಿಯನ್ನು ಓಡಿಸಿ, ಮರಳಿ ಬಂದುವನ್ನು ಮಾತ್ರ ಲೆಕ್ಕಕ್ಕೆ ಹಿಡಿಯತಕ್ಕದ್ದು.

೫. ಪರೀಕ್ಷೆಯ ಕ್ರಮ

ಪರೀಕ್ಷೆಗೆ ಬೇಕಾದ ಮುಖ್ಯ ಸಲಕರಣೆಗಳು ಮೂರು: ಸಾಧಾರಣವಾದ ಸ್ಕ್ಯಾನರ್, ಮಲ್ಟಿಮೀಟರ್, ಮತ್ತು ತಂತಿ ತಗುಲಿಸಿದ ಒಂದು ಹಳೆಯ ಹೆಡ್‌ಲೈಟ್ ಬಲ್ಬು. ಇವು ಗಡಿಯೂರಿನ ಸಣ್ಣ ವರ್ಕ್‌ಶಾಪಿಗೂ ನಿಲುಕತಕ್ಕುವು.

(ಅ) ಹಾಜರಿ. ಸ್ಕ್ಯಾನರಿನಿಂದ ಪ್ರತಿಯೊಂದು ಘಟಕವನ್ನೂ ಕರೆದು, ಓಗೊಟ್ಟುವಾವುವು, ಸುಮ್ಮನಿದ್ದುವಾವುವು ಎಂದು ಪಟ್ಟಿಮಾಡಬೇಕು. ಒಂದು ಮಾತ್ರ ಸುಮ್ಮನಿದ್ದರೆ ದೋಷವು ಅದರ ಬಳಿಯಲ್ಲಿಯೇ ಇರುವ ಸಂಭವವು ಹೆಚ್ಚು. ಗಾಡಿಯ ಒಂದು ಕಡೆಯ ಘಟಕಗಳೆಲ್ಲ ಸುಮ್ಮನಿದ್ದರೆ ಅವುಗಳಿಗೆ ಸಮಾನವಾದ ಫ್ಯೂಸು, ಅರ್ತ್ ಅಥವಾ ಕನೆಕ್ಟರನ್ನು ನೋಡಬೇಕು. ಎಲ್ಲವೂ ಸುಮ್ಮನಿದ್ದರೆ ಬೆನ್ನೆಲುಬನ್ನೇ ಶಂಕಿಸಬೇಕು. ಸ್ಕ್ಯಾನರಿಗೆ ವಿದ್ಯುತ್ತನ್ನು ಕೊಡುವ ಫ್ಯೂಸನ್ನೂ ಆಗಲೇ ನೋಡಿಬಿಡುವುದು ಒಳ್ಳೆಯದು.

(ಆ) ಪ್ರತಿರೋಧದ ಅಳತೆ. ಕೀಲಿಯನ್ನು ತೆಗೆದು, ಬ್ಯಾಟರಿಯ ತಂತಿಯನ್ನು ಬಿಚ್ಚಿ, ಕೆಲವು ನಿಮಿಷ ತಡೆದು, ಪೋರ್ಟಿನ ೬ ಮತ್ತು ೧೪ನೆಯ ಮನೆಗಳ ನಡುವೆ ಅಳೆಯಬೇಕು. ೬ನೆಯದು ಹೈ, ೧೪ನೆಯದು ಲೋ. ೧೨೦ ಓಮಿನ ಎರಡು ಪ್ರತಿರೋಧಗಳು ಸಮಾಂತರವಾಗಿರುವುದರಿಂದ ಸುಮಾರು ೬೦ ಬರಬೇಕು. ೧೨೦ ಬಂದರೆ ಒಂದು ತುದಿಯ ಪ್ರತಿರೋಧವು ಕಳಚಿದೆ, ಅಥವಾ ನಡುವೆ ತಂತಿಯು ತುಂಡಾಗಿದೆ. ಸೊನ್ನೆಗೆ ಸಮೀಪವಾದರೆ ಎರಡು ತಂತಿಗಳೂ ಒಂದಕ್ಕೊಂದು ತಾಗಿವೆ. ೪೦ರ ಆಸುಪಾಸು ಬಂದರೆ ಮೂರನೆಯದೊಂದು ಪ್ರತಿರೋಧವು ಸೇರಿಕೊಂಡಿದೆ. ಬೇರೆ ಮಾದರಿಯ ಗಾಡಿಯಿಂದ ತಂದು ಕೂಡಿಸಿದ ಘಟಕದಿಂದ ಹೀಗಾಗಬಹುದು. ಆದರೆ ಕೆಲವು ಕಾರುಗಳಲ್ಲಿ ಪೋರ್ಟಿಗೂ ಒಳಜಾಲಗಳಿಗೂ ನಡುವೆ ಗೇಟ್‌ವೇ ಎಂಬ ದ್ವಾರಪಾಲಕ ಘಟಕವಿರುತ್ತದೆ. ಅಂತಹವುಗಳಲ್ಲಿ ಪೋರ್ಟಿನ ಅಳತೆಯು ಬಾಗಿಲಿನವರೆಗಣ ಸಂಗತಿಯನ್ನು ಮಾತ್ರ ತಿಳಿಸುವುದು. ಒಳಜಾಲವನ್ನು ಒಳಗಣ ಕನೆಕ್ಟರಿನಲ್ಲಿಯೇ ಅಳೆಯಬೇಕು.

(ಇ) ವೋಲ್ಟೇಜಿನ ಅಳತೆ. ಬ್ಯಾಟರಿಯನ್ನು ಮತ್ತೆ ಜೋಡಿಸಿ, ಕೀಲಿಯನ್ನು ತಿರುಗಿಸಿ, ಒಂದೊಂದು ತಂತಿಯನ್ನೂ ಅರ್ತಿಗೆ ಹೋಲಿಸಿ ಅಳೆದರೆ, ಹೈ ತಂತಿಯಲ್ಲಿ ೨.೫ಕ್ಕಿಂತ ತುಸು ಹೆಚ್ಚು, ಲೋ ತಂತಿಯಲ್ಲಿ ತುಸು ಕಡಿಮೆ ಬರಬೇಕು; ಎರಡನ್ನೂ ಕೂಡಿಸಿದರೆ ಸುಮಾರು ೫ ವೋಲ್ಟ್. ಯಾವುದಾದರೊಂದು ತಂತಿಯು ಸೊನ್ನೆಯಾದರೆ ಅದು ಗಾಡಿಯ ಲೋಹದ ಮೈಗೆ ತಾಗಿರಬಹುದು. ೧೨ರ ಸಮೀಪವಾದರೆ ಬ್ಯಾಟರಿಯ ತಂತಿಗೆ ತಾಗಿರಬಹುದು. ಘಟಕಗಳು ನಿದ್ರಿಸುತ್ತಿರುವಾಗಲೂ ಸೊನ್ನೆ ಬರಬಹುದಾದುದರಿಂದ ಕೀಲಿಯು ತಿರುಗಿದೆಯೆಂಬುದನ್ನು ಖಚಿತಪಡಿಸಿಕೊಳ್ಳಬೇಕು.

(ಈ) ಬೇರ್ಪಡಿಸುವಿಕೆ. ತಂತಿಗಳು ಒಂದಕ್ಕೊಂದು ತಾಗಿವೆಯೆಂದು ತಿಳಿದಮೇಲೆ, ಬ್ಯಾಟರಿಯನ್ನು ಪುನಃ ಬಿಚ್ಚಿ, ಮೀಟರನ್ನು ಹಚ್ಚಿಯೇ ಇಟ್ಟು, ಘಟಕಗಳ ಕನೆಕ್ಟರುಗಳನ್ನು ಒಂದೊಂದಾಗಿ ಕಳಚುತ್ತ ಹೋಗಬೇಕು. ಯಾವುದನ್ನು ಕಳಚಿದಾಗ ಅಳತೆಯು ಸರಿಹೋಗುವುದೋ ದೋಷವು ಆ ಘಟಕದಲ್ಲಿದೆ. ಒಂದನ್ನು ಕಳಚಿದರೂ ಸರಿಹೋಗದೆ, ನಡುವಣ ಕೂಡುಕನೆಕ್ಟರನ್ನು ಬಿಚ್ಚಿದಾಗ ಸರಿಹೋದರೆ, ದೋಷವು ಆ ಕವಲಿನ ತಂತಿಯಲ್ಲಿದೆ. ಪ್ರತಿರೋಧವನ್ನು ಒಡಲಲ್ಲಿಟ್ಟುಕೊಂಡ ಘಟಕವನ್ನು ಕಳಚಿದರೆ ಸ್ವಸ್ಥವಾದ ಜಾಲದಲ್ಲಿಯೂ ೬೦ಕ್ಕೆ ಬದಲಾಗಿ ೧೨೦ ಬರುವುದು. ಇದನ್ನು ದೋಷವೆಂದು ಭ್ರಮಿಸಕೂಡದು.

(ಉ) ವಿದ್ಯುತ್ತು ಮತ್ತು ಅರ್ತ್. ಒಂದೇ ಘಟಕವು ಮೌನವಾಗಿದ್ದು ಜಾಲವು ಸರಿಯಾಗಿದ್ದರೆ, ಆ ಘಟಕದ ಕನೆಕ್ಟರನ್ನು ಕಳಚಿ, ಅದಕ್ಕೆ ವಿದ್ಯುತ್ತನ್ನು ತರುವ ತಂತಿಗೂ ಅರ್ತಿನ ತಂತಿಗೂ ನಡುವೆ ಹೆಡ್‌ಲೈಟಿನ ಬಲ್ಬನ್ನು ಹಚ್ಚಬೇಕು. ಮೀಟರನ್ನು ಮಾತ್ರ ನಂಬಿದರೆ ಸಾಲದು. ತುಕ್ಕು ಹಿಡಿದ ಅರ್ತ್ ಕೂಡ ಭಾರವಿಲ್ಲದಾಗ ೧೨ ವೋಲ್ಟನ್ನೇ ತೋರಿಸುವುದು. ಭಾರ ಬಿದ್ದೊಡನೆ ಕೈಬಿಡುವುದು. ಬಲ್ಬು ಪೂರ್ಣವಾಗಿ ಬೆಳಗಿದರೆ ಆ ದಾರಿಯು ಗಟ್ಟಿ; ಮಂಕಾಗಿ ಉರಿದರೆ ದಾರಿಯಲ್ಲಿ ತುಕ್ಕೋ ಸಡಿಲವೋ ಇದೆ. ಸಂದೇಶದ ತಂತಿಗಳಿಗೆ ಮಾತ್ರ ಬಲ್ಬನ್ನು ಎಂದಿಗೂ ಹಚ್ಚಬಾರದು, ಘಟಕವು ಸುಟ್ಟುಹೋಗಬಹುದು.

ಆಗಾಗ್ಗೆ ಬಂದು ಹೋಗುವ ದೋಷವು ಎಲ್ಲಕ್ಕಿಂತ ಕಠಿಣವಾದುದು. ಗಾಡಿಯು ವರ್ಕ್‌ಶಾಪಿನಲ್ಲಿ ನಿಂತಾಗ ಸರಿಯಾಗಿರುತ್ತದೆ. ತೋಟದ ಕಲ್ಲುದಾರಿಯಲ್ಲಿ ಕುಲುಕಿದಾಗ ಕೆಡುತ್ತದೆ. ಇದಕ್ಕೆ ಮೀಟರನ್ನು ಹಚ್ಚಿಟ್ಟು ತಂತಿಯ ಕಟ್ಟನ್ನು ಅಲ್ಲಲ್ಲಿ ಅಲುಗಿಸುವುದು, ಕನೆಕ್ಟರುಗಳನ್ನು ಮೆಲ್ಲನೆ ಎಳೆದು ನೋಡುವುದು, ದೋಷವು ತೋರಿದುದು ಮಳೆಯಲ್ಲಿಯೋ ಬಿಸಿಲಿನಲ್ಲಿಯೋ ತಿರುವಿನಲ್ಲಿಯೋ ಎಂದು ಚಾಲಕನನ್ನು ವಿಚಾರಿಸುವುದು ಇವೇ ಉಪಾಯಗಳು. ಚಾಲಕನ ಮಾತನ್ನು ತಾಳ್ಮೆಯಿಂದ ಕೇಳುವುದರಲ್ಲಿ ಅರ್ಧ ಪರೀಕ್ಷೆಯು ಅಡಗಿದೆ.

೬. ಒಂದು ನಿದರ್ಶನ

ಮೇಲಣ ಕ್ರಮವು ಫಲಿಸುವ ಬಗೆಯನ್ನು ತೋರಿಸಲು ಒಂದು ಕಲ್ಪಿತ ನಿದರ್ಶನವನ್ನು ತೆಗೆದುಕೊಳ್ಳಬಹುದು. ಮಳೆಗಾಲದ ಒಂದು ಸಂಜೆ, ಶ್ರೀಮಂಗಲದ ಕಡೆಯಿಂದ ಕುಟ್ಟಕ್ಕೆ ಕಾರೊಂದು ಬರುತ್ತದೆ. ಎಂಜಿನು ನಡೆಯುತ್ತಿದೆ, ವೇಗದ ಮುಳ್ಳು ಅಲ್ಲಾಡದು, ಎ.ಬಿ.ಎಸ್. ದೀಪವು ಬೆಳಗಿದೆ. ಸ್ಕ್ಯಾನರನ್ನು ತಗುಲಿಸಿದರೆ ಎಂಜಿನಿನ ಘಟಕದಲ್ಲಿಯೂ ಮೀಟರಿನ ಫಲಕದಲ್ಲಿಯೂ ಯು ೦೧೨೧ ಎಂದಿದೆ, ಎ.ಬಿ.ಎಸ್. ಘಟಕವು ಓಗೊಡದು. ಇಬ್ಬರು ಸಾಕ್ಷಿಗಳು ಒಂದೇ ಹೆಸರನ್ನು ಹೇಳಿದರೆಂದು ಆ ಘಟಕವನ್ನು ತರಿಸಲು ಹೊರಡುವುದು ಸುಲಭ.

ಕ್ರಮವನ್ನು ಬಿಡದ ಮೆಕ್ಯಾನಿಕನು ಮೊದಲು ಪ್ರತಿರೋಧವನ್ನು ಅಳೆಯುವನು, ೬೦ ಬರುವುದು. ವೋಲ್ಟೇಜನ್ನು ಅಳೆಯುವನು, ಅದೂ ಸರಿ. ಬೆನ್ನೆಲುಬು ಸ್ವಸ್ಥವೆಂದು ಇದರಿಂದ ಸಿದ್ಧವಾಗುವುದು. ಎ.ಬಿ.ಎಸ್. ಫ್ಯೂಸು ಸುಟ್ಟಿಲ್ಲ. ಕನೆಕ್ಟರನ್ನು ಕಳಚಿ ಬಲ್ಬನ್ನು ಹಚ್ಚಿದರೆ ಅದು ಕೆಂಡದಂತೆ ಮಂಕಾಗಿ ಉರಿಯುವುದು. ಅರ್ತಿನ ತುದಿಯನ್ನು ಬ್ಯಾಟರಿಯ ಋಣತುದಿಗೆ ನೇರವಾಗಿ ಮುಟ್ಟಿಸಿದರೆ ಪ್ರಜ್ವಲಿಸುವುದು. ದೋಷವು ಅರ್ತಿನಲ್ಲಿ. ಆ ತಂತಿಯ ಜಾಡನ್ನು ಹಿಡಿದು ಹೋದರೆ, ಚಕ್ರದ ಗೂಡಿನ ಮೇಲ್ಗಡೆ ಕೆಸರು ಹಾರುವ ಜಾಗದಲ್ಲಿ, ಬೋಲ್ಟಿನ ಕೆಳಗೆ ಹಸುರು ಪಾಚಿಯಂತಹ ಕಿಲುಬು ಕಾಣುವುದು. ಉಜ್ಜಿ, ಬಿಗಿದು, ಗ್ರೀಸು ಸವರಿದೊಡನೆ ಘಟಕವು ಮಾತನಾಡುವುದು. ವೇಗದ ಮುಳ್ಳು ಎದ್ದು ನಿಲ್ಲುವುದು. ವೆಚ್ಚವು ಒಂದು ಗಂಟೆಯ ಕೂಲಿ. ಹೊಸ ಘಟಕವನ್ನು ಹಾಕಿದ್ದರೂ ಆ ಕಿಲುಬಿನ ಅರ್ತಿನಲ್ಲಿ ಅದೂ ಮೌನವಾಗಿಯೇ ಇರುತ್ತಿತ್ತು.

೭. ದೋಷದ ಮೂಲಗಳೂ ದುರಸ್ತಿಯ ನಿಯಮಗಳೂ

ಮಲೆನಾಡಿನ ಗಾಡಿಗಳಲ್ಲಿ ದೋಷಕ್ಕೆ ಮೂಲವಾಗತಕ್ಕುವು ಮುಖ್ಯವಾಗಿ ಮೂರು. ಮೊದಲನೆಯದು ನೀರು: ತೊಟ್ಟಿಕ್ಕುವ ಮಳೆಯೂ, ಬಾನೆಟ್ಟನ್ನು ತೆರೆದು ಪಂಪಿನಿಂದ ತೊಳೆಯುವುದೂ ಕನೆಕ್ಟರಿನೊಳಗೆ ತೇವವನ್ನು ಸೇರಿಸುತ್ತವೆ. ಎರಡನೆಯದು ಇಲಿ: ತೋಟದ ಕೊಟ್ಟಿಗೆಯಲ್ಲಿ ದಿನಗಟ್ಟಲೆ ನಿಂತ ಗಾಡಿಯ ಬೆಚ್ಚಗಿನ ಎಂಜಿನಿನ ಬಳಿ ಅದು ಗೂಡುಕಟ್ಟಿ ತಂತಿಯ ಹೊದಿಕೆಯನ್ನು ಕಡಿಯುವುದು. ಮೂರನೆಯದು ಮನುಷ್ಯ: ಮಂಜಿನ ದೀಪ, ಸಂಗೀತದ ಪೆಟ್ಟಿಗೆ, ಕಳ್ಳರ ಎಚ್ಚರಿಕೆಯ ಗಂಟೆ ಮೊದಲಾದುವನ್ನು ಹೊರಗಿನಿಂದ ತಂದು, ಕೈಗೆ ಸಿಕ್ಕಿದ ತಂತಿಯನ್ನು ಸುಲಿದು ಕೂಡಿಸುವುದು. ಹೀಗೆ ಸೇರಿಸಿದ ಉಪಕರಣಗಳಿದ್ದರೆ ಮೊದಲು ಅವನ್ನು ಕಳಚಿ ನೋಡುವುದು ಜಾಣತನ.

ತುಂಡಾದ ಸಂದೇಶದ ತಂತಿಯನ್ನು ಬರಿಯ ತಿರುಚಿ ಟೇಪು ಸುತ್ತಿದರೆ ಅದು ಬಾಳುವುದಿಲ್ಲ. ಅದೇ ದಪ್ಪದ ತಂತಿಯನ್ನು ಬೆಸೆದು, ನೀರು ಹೋಗದ ಕೊಳವೆಯನ್ನು ಹೊದಿಸಿ, ಎರಡು ತಂತಿಗಳ ಉದ್ದವನ್ನೂ ಸಮನಾಗಿಟ್ಟು, ಮೊದಲಿನಂತೆಯೇ ಹೊಸೆಯಬೇಕು. ಹೊಸೆಯದೆ ಉಳಿದ ಭಾಗವು ಸಾಧ್ಯವಾದಷ್ಟು ಚಿಕ್ಕದಾಗಿರಬೇಕು. ಸೂಜಿಯಿಂದ ತಂತಿಯ ಹೊದಿಕೆಯನ್ನು ಚುಚ್ಚಿ ಅಳೆಯುವ ಅಭ್ಯಾಸವು ಮಳೆಯ ನಾಡಿನಲ್ಲಿ ಸಲ್ಲದು. ಇಂದಿನ ತೂತು ನಾಳೆಯ ತುಕ್ಕು. ಹಳದಿ ಕನೆಕ್ಟರುಗಳು ಏರ್‌ಬ್ಯಾಗಿಗೆ ಸೇರಿದುವು. ಅವುಗಳಿಗೆ ಮೀಟರನ್ನಾಗಲಿ ಬಲ್ಬನ್ನಾಗಲಿ ಹಚ್ಚಿದರೆ ಚೀಲವು ಸಿಡಿದು ಅಪಾಯವಾಗಬಹುದು. ವಿದ್ಯುತ್ ಕಾರುಗಳಲ್ಲಿ ಕಿತ್ತಳೆ ಬಣ್ಣದ ತಂತಿಗಳನ್ನು ತರಬೇತಿಯಿಲ್ಲದವರು ಮುಟ್ಟಲೇಕೂಡದು. ಅವುಗಳಲ್ಲಿ ಪ್ರಾಣವನ್ನು ತೆಗೆಯುವಷ್ಟು ವೋಲ್ಟೇಜು ಇರುತ್ತದೆ.

೮. ಉಪಸಂಹಾರ

ಇಷ್ಟರಿಂದ ವಿದಿತವಾಗುವುದೇನೆಂದರೆ, ಜಾಲದ ದೋಷವನ್ನು ಕಂಡುಹಿಡಿಯುವ ವಿದ್ಯೆಯು ಬೆಲೆಬಾಳುವ ಯಂತ್ರಗಳಲ್ಲಿರದೆ ವಿಚಾರದ ಕ್ರಮದಲ್ಲಿದೆ. ಓಮಿನ ನಿಯಮವನ್ನು ಬಲ್ಲವನಿಗೆ ೬೦ ಎಂಬ ಒಂದು ಅಂಕಿಯೇ ಬಹಳಷ್ಟನ್ನು ಹೇಳುವುದು. ಆದರೆ ಈ ವಿದ್ಯೆಯು ಪೂರ್ಣವಾಗಿ ಫಲಿಸಬೇಕಾದರೆ ತಂತಿಗಳ ನಕ್ಷೆಯೂ, ಯಾವ ಘಟಕದೊಳಗೆ ಪ್ರತಿರೋಧವಿದೆಯೆಂಬ ವಿವರವೂ, ಬದಲಾಯಿಸಿದ ಘಟಕವನ್ನು ಜಾಲಕ್ಕೆ ಪರಿಚಯಿಸುವ ವಿಧಾನವೂ ಸ್ವತಂತ್ರ ಮೆಕ್ಯಾನಿಕನ ಕೈಗೆ ದೊರೆಯಬೇಕು. ಭಾರತ ಸರಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯು ೨೦೨೨ರ ಡಿಸೆಂಬರ್ ೨೪ರಂದು ದುರಸ್ತಿಯ ಹಕ್ಕಿಗಾಗಿ ಒಂದು ಜಾಲತಾಣವನ್ನು ತೆರೆದು ಮೋಟಾರು ವಾಹನಗಳನ್ನೂ ಅದರಲ್ಲಿ ಸೇರಿಸಿತು. ಆ ಹಕ್ಕಿನ ಬೆಲೆಯು ಎಷ್ಟೆಂಬುದು ದೊಡ್ಡ ನಗರಗಳಿಗಿಂತ ಕುಟ್ಟದಂತಹ ಗಡಿಯೂರುಗಳಲ್ಲಿಯೇ ಚೆನ್ನಾಗಿ ತಿಳಿಯುವುದು. ಇರುಳಿನಲ್ಲಿ, ಮಳೆಯಲ್ಲಿ, ಕಾಡಿನ ಅಂಚಿನಲ್ಲಿ ನಿಂತ ಗಾಡಿಯವರಿಗೆ ಬೇಕಾದವನು ದೂರದ ಕಂಪೆನಿಯಲ್ಲ. ಹತ್ತಿರದ ಊರಿನಲ್ಲಿ ಮೀಟರನ್ನು ಹಿಡಿದು, ಸಾಕ್ಷಿಯ ಮಾತನ್ನು ತೀರ್ಪೆಂದು ಭ್ರಮಿಸದೆ, ಒಂದೊಂದಾಗಿ ಅಳೆದು ನೋಡಬಲ್ಲ ಮನುಷ್ಯ.